ನೆರೆಯವರಿಗೆ ನೋಟಿಸ್: ಕ್ಯಾಲಿಫೋರ್ನಿಯಾದ 300 ಅಡಿ ಲೆಕ್ಕ

ನಗರ ಯೋಜನೆ ಓದುವಾಗ ನೋಟಿಸ್ ಭಾಗವನ್ನು ನಾವೆಲ್ಲ ಬೇಗ ದಾಟಿಬಿಡುತ್ತೇವೆ, ಅಲ್ವಾ? ಬರೀ ಅಂಚೆ ಕೆಲಸ ಅನಿಸುತ್ತದೆ. ನನಗೆ ಮಾತ್ರ ಇದೇ ಮುಖ್ಯ ಅನಿಸಿದೆ. ಪಕ್ಕದ ಜಾಗದಲ್ಲಿ ಏನು ಬರುತ್ತಿದೆ ಅಂತಲೇ ಗೊತ್ತಾಗದವರು ತಕರಾರು ಹೇಳುವುದಾದರೂ ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಸೆಟ್‌ಬ್ಯಾಕ್ ನಿಯಮದಿಂದ, ಅಂದರೆ ಗಡಿಯಿಂದ ಇಷ್ಟು ಜಾಗ ಬಿಟ್ಟು ಕಟ್ಟಬೇಕು ಅನ್ನುವ ನಿಯಮದಿಂದ, ವಿನಾಯಿತಿ ಕೇಳುತ್ತಾರೆ ಅನ್ನಿ. ಇದಕ್ಕೆ ಅಲ್ಲಿ ವೇರಿಯನ್ಸ್ ಅಂತಾರೆ. ತೀರ್ಮಾನಕ್ಕೆ ಮುಂಚೆ ಹಿಯರಿಂಗ್, ಅಂದರೆ ಸಾರ್ವಜನಿಕ ವಿಚಾರಣೆ, ಇರುತ್ತದೆ. ಆ ರಾಜ್ಯದ ಸರ್ಕಾರಿ ಸಂಹಿತೆಯ ಕಲಂ 65091ರ ಪ್ರಕಾರ, ಹಿಯರಿಂಗ್‌ಗೆ ಕನಿಷ್ಠ 10 ದಿನ ಮೊದಲು, ಆ ಜಾಗದಿಂದ 300 ಅಡಿ ಒಳಗಿರುವ ಎಲ್ಲ ಆಸ್ತಿ ಮಾಲೀಕರಿಗೆ ನೋಟಿಸ್ ಕಳಿಸಬೇಕು. ಮಾಲೀಕರು 1,000ಕ್ಕಿಂತ ಜಾಸ್ತಿ ಇದ್ದರೆ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಟ್ಟರೂ ಸಾಕು.

ಇಲ್ಲಿ ಓದಲೇಬೇಕಾದ ತೀರ್ಪು 1979ರ ಹಾರ್ನ್ ವರ್ಸಸ್ ಕೌಂಟಿ ಆಫ್ ವೆಂಚುರಾ. ಪಕ್ಕದ ಜಮೀನನ್ನು ಸೈಟುಗಳಾಗಿ ಒಡೆಯಲು ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಒಪ್ಪಿಗೆ ಕೊಟ್ಟಿತ್ತು. ನೆರೆಯವರಿಗೆ ಮೊದಲೇ ತಿಳಿಸಿರಲಿಲ್ಲ. ಸರ್ಕಾರಿ ಕಟ್ಟಡಗಳಲ್ಲಿ ಕಾಗದ ಅಂಟಿಸಿದರೆ ಸಾಲದು, ನಿಜವಾಗಿ ತೊಂದರೆ ತಟ್ಟುವ ಮಾಲೀಕರಿಗೆ ತಿಳಿಯುವಂತೆ ನೋಟಿಸ್ ಇರಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ಇದನ್ನು ಓದುವಾಗ ನಮ್ಮ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ನೆನಪಾಯಿತು. ಅದರ 14-ಎ ಕಲಂ ಭೂಬಳಕೆ ಬದಲಾವಣೆಗೆ ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು ಅನ್ನುತ್ತದೆ. ಪಕ್ಕದವರ ಮನೆಗೆ ಕಾಗದ ಕಳಿಸಿ ಅನ್ನುವುದಿಲ್ಲ. ಆ ಮೂಲೆಯ ಸಣ್ಣಕ್ಷರದ ಪ್ರಕಟಣೆ ಎಷ್ಟು ಜನರ ಕಣ್ಣಿಗೆ ಬೀಳುತ್ತದೆ? ಕಾಗದವೂ ಬರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಈಗ ಕ್ಯಾಲಿಫೋರ್ನಿಯಾದ 300 ಅಡಿಯ ಅಳತೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಮಾಲೀಕರ ಪಟ್ಟಿಯನ್ನು ಅರ್ಜಿದಾರರೇ ಮಾಡಿಕೊಡಬೇಕು. ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ. ನಕ್ಷೆಯಲ್ಲಿ ಸೈಟಿನ ನಡುವೆ ಕೈವಾರ ಊರಿ ಸುತ್ತು ಹಾಕಿಬಿಡುತ್ತಾರೆ. 300 ಅಡಿ ಎಣಿಸಬೇಕಾದ್ದು ಸೈಟಿನ ಗಡಿಯಿಂದ. 60×100 ಅಡಿ ಸೈಟು ತಗೊಳ್ಳಿ. ನಡುವಿನಿಂದ ಅಳೆದರೆ ಸುಮಾರು 2,82,700 ಚದರಡಿ ಸಿಗುತ್ತದೆ. ಗಡಿಯಿಂದ ಅಳೆದರೆ ಸುಮಾರು 3,84,700. ವ್ಯತ್ಯಾಸ 1,02,000 ಚದರಡಿ, ಅಂದರೆ ಎರಡು ಎಕರೆ ಹದಿಮೂರು ಗುಂಟೆಗೂ ಜಾಸ್ತಿ. ಅಷ್ಟು ಜಾಗದ ಮನೆಯವರು ಪಟ್ಟಿಯಿಂದ ಸುಮ್ನೆ ಬಿಟ್ಟುಹೋಗುತ್ತಾರೆ!

ಇನ್ನೊಂದು ವಿಷಯ ನನಗೆ ಬೇಸರ ತರಿಸುತ್ತದೆ. ಕಲಂ 65091 ಲೆಕ್ಕಕ್ಕೆ ಹಿಡಿಯುವುದು ತೆರಿಗೆ ದಾಖಲೆಯಲ್ಲಿರುವ ಮಾಲೀಕರನ್ನು. ಹತ್ತು ವರ್ಷದಿಂದ ಪಕ್ಕದಲ್ಲೇ ಬಾಡಿಗೆಗೆ ಇರುವವರ ಹೆಸರು ಅಲ್ಲಿರುವುದಿಲ್ಲ. ನೋಟಿಸ್ ಬೇರೆ ಊರಿನಲ್ಲಿರುವ ಮನೆ ಮಾಲೀಕರಿಗೆ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಬಾಡಿಗೆಗಿರುವ ನಮ್ಮವರು ಇದನ್ನು ತಿಳಿದಿರಬೇಕು.

ನೋಟಿಸ್‌ನಲ್ಲಿ ಹಿಯರಿಂಗ್ ದಿನ, ಹೊತ್ತು, ಸ್ಥಳ, ಹಿಯರಿಂಗ್ ನಡೆಸುವವರು ಯಾರು, ವಿಷಯ ಏನು, ಜಾಗ ಯಾವುದು ಎಲ್ಲ ಇರಬೇಕು. ಕೈಗೆ ಬಂದರೆ ಎತ್ತಿಡಬೇಡಿ. ಕಲಂ 65009ರ ಪ್ರಕಾರ, ಆಮೇಲೆ ಕೋರ್ಟಿಗೆ ಹೋದರೂ ಸಾಮಾನ್ಯವಾಗಿ ಹಿಯರಿಂಗ್‌ನಲ್ಲಿ ಎತ್ತಿದ, ಇಲ್ಲವೇ ಅದಕ್ಕೆ ಮುಂಚೆ ಅಥವಾ ಅಲ್ಲೇ ಬರೆದುಕೊಟ್ಟ ಅಂಶಗಳನ್ನಷ್ಟೇ ವಾದಿಸಬಹುದು. ಅದಕ್ಕೇ ಎರಡು ಸಾಲಾದರೂ ಸರಿ, ಬರೆದುಕೊಡಿ. "ಗೋಡೆ ಗಡಿಗೆ ಹತ್ತಿರ ಬಂದರೆ ನಮ್ಮ ಅಡುಗೆಮನೆ ಕಿಟಕಿಗೆ ಬೆಳಕು ಬರುವುದಿಲ್ಲ" ಅನ್ನುವಷ್ಟು ನೇರವಾಗಿರಲಿ. ನೋಟಿಸ್ ಕೈಗೆ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೋರ್ಟ್ ತೀರ್ಮಾನ ರದ್ದು ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಅದು ಕಲಂ 65093ರಲ್ಲಿದೆ.

ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ತಿರುವು: ಹಿತ್ತಲಲ್ಲಿ ಕಟ್ಟುವ ಚಿಕ್ಕ ಮನೆ, ಅಂದರೆ ಎಡಿಯು. ನಿಯಮಕ್ಕೆ ಹೊಂದಿದರೆ ಅದಕ್ಕೆ ಹಿಯರಿಂಗ್ ಇಲ್ಲದೆಯೇ ಒಪ್ಪಿಗೆ ಕೊಡಬೇಕು. ಹಿಯರಿಂಗೇ ಇಲ್ಲದ ಮೇಲೆ 300 ಅಡಿ ನೋಟಿಸೂ ಇಲ್ಲ. 300 ಅಡಿ ನೋಟಿಸ್ ಬಗ್ಗೆ ಬರೆಯುವ ಉತ್ತರದಲ್ಲಿ ಎಡಿಯುವನ್ನು ಸೇರಿಸಬೇಡಿ.