ಭಟ್ಕಳದವರ ಸಾವು, ಮಣಿಪಾಲದ ಲೆಕ್ಕ

ಮಹಾಮಾರಿಯ ಕಾಲದಲ್ಲಿ ಬೇರೆ ಕಾರಣಗಳಿಂದ ಎಷ್ಟು ಮಂದಿ ಹೆಚ್ಚಾಗಿ ಸತ್ತರು ಎಂಬುದನ್ನು ಯಾರೂ ನೇರವಾಗಿ ಎಣಿಸಿರುವುದಿಲ್ಲ. ಅದು ಕಳೆದು ಕಳೆದು ಕೊನೆಗೆ ಉಳಿಯುವ ಸಂಖ್ಯೆ. ಒಟ್ಟು ಸಾವಿನಿಂದ ಮಾಮೂಲಿ ವರ್ಷದಲ್ಲಿ ಆಗುತ್ತಿದ್ದಷ್ಟನ್ನು ಕಳೆದರೆ ಹೆಚ್ಚುವರಿ ಸಾವು. ಅದರಲ್ಲಿ ರೋಗದ ಹೆಸರಿನಲ್ಲೇ ದಾಖಲಾದವನ್ನು ಕಳೆದರೆ ಶೇಷ. ಈ ಶೇಷವನ್ನೇ ‘ಬೇರೆ ಕಾರಣದ ಸಾವು’ ಎಂದುಬಿಡುವವರಿದ್ದಾರೆ. ಎಲ್ಲಿಯೂ ಅದು ತಪ್ಪೇ. ಉತ್ತರ ಕನ್ನಡದಲ್ಲಂತೂ ದೊಡ್ಡ ತಪ್ಪು.

ಕಳೆಯುವ ಈ ಲೆಕ್ಕ ಹಳೆಯದು. 1847ರ ಲಂಡನ್ನಿನ ಇನ್‌ಫ್ಲುಯೆಂಜಾದಲ್ಲಿ ಅಂಕಿಅಂಶ ತಜ್ಞ ವಿಲಿಯಂ ಫಾರ್ ಇದನ್ನು ಬಳಸಿದ್ದ. ಋತುವಿನ ಏರಿಳಿತವನ್ನೂ ಸೇರಿಸಿಕೊಂಡು ನಿರೀಕ್ಷಿತ ಸಾವಿನ ರೇಖೆ ಎಳೆಯುವ ವಿಧಾನ ಕೊಟ್ಟವನು ಅಮೆರಿಕದ ಅಂಕಿಅಂಶ ತಜ್ಞ ರಾಬರ್ಟ್ ಸರ್ಫ್ಲಿಂಗ್, 1963ರಲ್ಲಿ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಗಿನ ಸಾವಿನ ಪಟ್ಟಿಯಲ್ಲಿ ಕಾಲರಾ, ಸಿಡುಬು, ಪ್ಲೇಗು, ಭೇದಿ ಹೀಗೆ ಕೆಲವೇ ಕಲಮುಗಳು. ಉಳಿದದ್ದರಲ್ಲಿ ಬಹುಪಾಲು ‘ಜ್ವರ’ದ ಕಲಮಿಗೆ. 1918ರ ಇನ್‌ಫ್ಲುಯೆಂಜಾ ಸಾವುಗಳೂ ಹೆಚ್ಚಾಗಿ ಸೇರಿದ್ದು ಅಲ್ಲಿಗೇ. ಹಿಂದಿನ ವರ್ಷಗಳ ಸರಾಸರಿಗಿಂತ ಆ ಕಲಮು ಎಷ್ಟು ಉಬ್ಬಿತು ಎಂದು ನೋಡುವುದೊಂದೇ ದಾರಿಯಾಗಿತ್ತು. ಘಟ್ಟದ ಮೇಲೆ ಮಲೇರಿಯಾದಿಂದ ಆ ಕಲಮು ಪ್ರತಿ ವರ್ಷವೂ ತುಂಬಿರುತ್ತಿತ್ತು; ಸರಾಸರಿಗೆ ಯಾವ ವರ್ಷಗಳನ್ನು ಆರಿಸಿಕೊಂಡಿರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಇಡೀ ದೇಶದ ಅಂದಾಜು 60 ಲಕ್ಷದಿಂದ ಶುರುವಾಗಿ ಮುಂದೆ ಒಂದೂಕಾಲು ಕೋಟಿ, 2 ಕೋಟಿಯವರೆಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಕೋವಿಡ್‌ನಲ್ಲೂ ಅದೇ ಜಗಳ. 2020–21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೇಳಿತು. ಸರ್ಕಾರದ ಕೋವಿಡ್ ಲೆಕ್ಕ 4.8 ಲಕ್ಷ, ವಿಧಾನವನ್ನೇ ಸರ್ಕಾರ ಒಪ್ಪಲಿಲ್ಲ.

ಜಿಲ್ಲೆಗೆ ಬಂದರೆ ಮೊದಲ ಎಡವು ಸಂಖ್ಯೆ ಚಿಕ್ಕದಿರುವುದು. 2011ರ ಜನಗಣತಿಯಲ್ಲಿ ನಮ್ಮದು 14.37 ಲಕ್ಷ ಜನ. ಸಾವಿರಕ್ಕೆ 7 ಎಂದು ಹಿಡಿದರೆ ವರ್ಷಕ್ಕೆ 10 ಸಾವಿರ, ತಿಂಗಳಿಗೆ 840 ಸಾವು. ಇಂಥ ಎಣಿಕೆಯ ಆಕಸ್ಮಿಕ ಏರಿಳಿತವನ್ನು ಅಳೆಯುವುದು ವರ್ಗಮೂಲದಿಂದ; 840ರ ವರ್ಗಮೂಲ 29. ಅದರ ಎರಡು ಪಟ್ಟು, ಅಂದರೆ 58ರಷ್ಟು ಹೆಚ್ಚುಕಡಿಮೆ ಬರೀ ಆಕಸ್ಮಿಕವಾಗಿಯೇ ಆಗಬಹುದು. ತಿಂಗಳಿಗೆ 110 ಸಾವಾಗುವ ತಾಲೂಕಿನಲ್ಲಿ ಆ ಅಂತರ 21. ಹಾಗಾಗಿ ‘ಈ ತಿಂಗಳು 15 ಹೆಚ್ಚು’ ಎಂಬ ಮಾತಿಗೆ ಅರ್ಥವೇ ಇಲ್ಲ. ತಾಲೂಕುಗಳನ್ನು ಕೂಡಿಸಿ, ಇಲ್ಲವೇ ಮೂರು ತಿಂಗಳನ್ನು ಒಟ್ಟಿಗೆ ನೋಡಬೇಕು. 2015ರಿಂದ 2019ರವರೆಗಿನ ಬರೀ ಸರಾಸರಿಯೂ ಸಾಲದು: ವೃದ್ಧರ ಪ್ರಮಾಣ ಏರುತ್ತಿದೆ, ನೋಂದಣಿಯೂ ಸುಧಾರಿಸುತ್ತ ಬಂದಿದೆ. ಮೊದಲು ನೂರಕ್ಕೆ 85 ಸಾವು ದಾಖಲಾಗುತ್ತಿದ್ದಲ್ಲಿ ಈಗ 95 ದಾಖಲಾದರೆ, ಒಬ್ಬರೂ ಹೆಚ್ಚಿಗೆ ಸಾಯದೆಯೇ ಶೇಕಡಾ 12ರ ಏರಿಕೆ ಕಾಣುತ್ತದೆ. 2021ರಲ್ಲಿ ಕೋವಿಡ್ ಪರಿಹಾರದ ಹಣಕ್ಕೆ ಮರಣ ಪ್ರಮಾಣಪತ್ರ ಬೇಕಾಯಿತು, ಬಿಟ್ಟುಹೋಗಬಹುದಾಗಿದ್ದ ಸಾವುಗಳೂ ಪುಸ್ತಕಕ್ಕೆ ಬಂದವು. ನೋಂದಣಿಯ ದಿನಾಂಕವಲ್ಲ, ಸತ್ತ ದಿನಾಂಕವನ್ನೇ ಹಿಡಿಯಬೇಕು.

ಇನ್ನು ಸ್ಥಳ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ದಾಖಲು. ನಮ್ಮಲ್ಲಿ ಕಾಯಿಲೆ ಬಿಗಡಾಯಿಸಿದರೆ ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವಾಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಸುಮ್ಮನೆ ಎದ್ದದ್ದಲ್ಲ. ಆ ಸಾವುಗಳು ಉಡುಪಿ, ದಕ್ಷಿಣ ಕನ್ನಡ, ಗೋವಾ, ಧಾರವಾಡದ ಲೆಕ್ಕಕ್ಕೆ ಹೋಗುತ್ತವೆ. 2020ರಲ್ಲಿ ಗೋವಾ ಗಡಿ ಮುಚ್ಚಿದಾಗ ಅಲ್ಲಿ ಸಾಯಬಹುದಾಗಿದ್ದವರು ಇಲ್ಲೇ ಮನೆಯಲ್ಲಿ ಸತ್ತಿದ್ದರೆ, ಕಾರವಾರದ ಪುಸ್ತಕ ಉಬ್ಬುತ್ತದೆ, ಗೋವಾದ್ದು ಇಳಿಯುತ್ತದೆ, ಸತ್ತವರ ಸಂಖ್ಯೆ ಮಾತ್ರ ಅಷ್ಟೇ. ಮರಣ ವರದಿಯ ನಮೂನೆಯಲ್ಲಿ ಮೃತರ ವಾಸದ ಊರಿನ ಕಲಮು ಇದೆ. ಅಕ್ಕಪಕ್ಕದ ಜಿಲ್ಲೆಗಳ ದಾಖಲೆಯಿಂದ ನಮ್ಮವರನ್ನು ಹೆಕ್ಕಿ ತಂದು ಸೇರಿಸದೆ ಯಾವ ಜಿಲ್ಲಾ ಅಂದಾಜನ್ನೂ ನಂಬಬಾರದು.

ಇಷ್ಟಾದ ಮೇಲೆ ಉಳಿಯುವ ಶೇಷವನ್ನು ಬಿಡಿಸಬೇಕು. ಅದರಲ್ಲಿ ಪರೀಕ್ಷೆಯೇ ಆಗದ ಕೋವಿಡ್ ಇದೆ, ಚಿಕಿತ್ಸೆ ಸಿಗದೆ ಆದ ಸಾವಿದೆ, ಲಾಕ್‌ಡೌನಿನಿಂದಾಗಿ ಆಗದೇ ಉಳಿದ ಸಾವುಗಳ ಕಳೆತವೂ ಇದೆ. ದೇಶದಲ್ಲಿ ರಸ್ತೆ ಅಪಘಾತದ ಸಾವು 2019ರ 1.51 ಲಕ್ಷದಿಂದ 2020ರಲ್ಲಿ 1.32 ಲಕ್ಷಕ್ಕೆ ಇಳಿಯಿತು. ಬೇರೆ ಕಾರಣಗಳ ಏರಿಕೆಯಲ್ಲಿ ಅಷ್ಟನ್ನು ಇದು ಮುಚ್ಚಿಹಾಕುತ್ತದೆ. ಬಿಡಿಸಲು ನಂಬಬಹುದಾದ ಗುರುತು ಸಮಯ. ಲೆಕ್ಕಕ್ಕೆ ಸಿಗದ ಕೋವಿಡ್ ಸಾವು ಸೋಂಕಿನ ಅಲೆಯ ಹಿಂದೆಯೇ ಎರಡು ಮೂರು ವಾರಕ್ಕೆ ಏರಿ ಇಳಿಯುತ್ತದೆ. ಚಿಕಿತ್ಸೆ ತಪ್ಪಿದ ಸಾವು ಲಾಕ್‌ಡೌನ್ ದಿನಗಳಿಗೆ ಅಂಟಿಕೊಳ್ಳುತ್ತದೆ, ಅದೂ ಕಾಯಿಲೆಗೊಂದು ವೇಗದಲ್ಲಿ: ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರು ಕೆಲವೇ ದಿನಗಳಲ್ಲಿ, ಹೃದಯಾಘಾತದವರು ಗಂಟೆಗಳಲ್ಲಿ.

ಕಾರಣ ಬರೆದ ಪ್ರಮಾಣಪತ್ರ ನೋಡಿದರಾಯಿತಲ್ಲ ಎನ್ನಬಹುದು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇಕಡಾ 22.5 ಮಾತ್ರ. ಇದ್ದವುಗಳಲ್ಲೂ ‘ಹೃದಯ ಸ್ತಂಭನ’ ಎಂದು ಬರೆದರೆ ಪ್ರಯೋಜನವಿಲ್ಲ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಸಿದ್ದಾಪುರದ ಕಡೆ ಇನ್ನೊಂದು ತೊಡಕು: ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. 2020ರ ಲಾಕ್‌ಡೌನೂ 2021ರ ಎರಡನೇ ಅಲೆಯೂ ಅದರ ಮೇಲೆಯೇ ಬಿದ್ದವು. ಪರೀಕ್ಷೆಯಾಗದ ಜ್ವರದ ಸಾವನ್ನು ಅಲ್ಲಿ ಕೋವಿಡ್‌ಗೆ ಹಾಕುವ ಮುನ್ನ ಮನೆಯವರನ್ನು ಕೂರಿಸಿ ಕೇಳಬೇಕು: ಜ್ವರ ಎಷ್ಟು ದಿನ, ಉಸಿರು ಕಟ್ಟಿತ್ತೇ, ರಕ್ತಸ್ರಾವವಿತ್ತೇ, ಕಾಡಿಗೆ ಸೊಪ್ಪು, ದರಕು (ಒಣ ಎಲೆ) ತರಲು ಹೋಗಿದ್ದರೇ.

ನಿಧಾನದ ಕಾಯಿಲೆಗಳು ಈ ಯಾವ ಜಾಲರಿಗೂ ಸಿಗುವುದಿಲ್ಲ. ದೇಶದಲ್ಲಿ ಪತ್ತೆಯಾಗಿ ದಾಖಲಾದ ಕ್ಷಯರೋಗಿಗಳು 2019ರಲ್ಲಿ 24 ಲಕ್ಷ, 2020ರಲ್ಲಿ 18 ಲಕ್ಷ. ರೋಗ ಕಡಿಮೆಯಾಗಿ ಅಲ್ಲ, ಕಫ ಪರೀಕ್ಷೆ ಕುಸಿದು. ಆ ವರ್ಷ ಕೈತಪ್ಪಿದ ಕ್ಷಯ, ಕ್ಯಾನ್ಸರಿನ ಸಾವುಗಳು 2022, 2023ರ ಪುಸ್ತಕಗಳಲ್ಲಿ ಹರಡಿಕೊಂಡಿರುತ್ತವೆ. 2021ರ ಡಿಸೆಂಬರ್‌ಗೆ ಲೆಕ್ಕ ಮುಗಿಸಿದ ಅಂದಾಜಿನಲ್ಲಿ ಅವು ಇರುವುದಿಲ್ಲ.