ಸವೆದ ಮಂಡಿಗೆ ಸಿರಿಂಜಿನ ಜೆಲ್: ಹಾಕುವುದು ಸುಲಭ, ನಿಲ್ಲಿಸುವುದೇ ಕಷ್ಟ

ಮಂಡಿಗೆ ಜೆಲ್ ಇಂಜೆಕ್ಷನ್ ಹಾಕಿಸಿಕೊಂಡೆ ಎನ್ನುವವರು ಈಗ ಬೇಕಾದಷ್ಟು ಜನ ಸಿಗುತ್ತಾರೆ. ಅದು ಸಾಮಾನ್ಯವಾಗಿ ಹಯಲುರಾನಿಕ್ ಆಸಿಡ್. ಕೀಲು ಸಲೀಸಾಗಿ ಜಾರಲಿ ಎಂದು ಹಾಕುವುದು, ಅಷ್ಟೇ. ಸವೆದ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಕಾರ್ಟಿಲೇಜ್, ಅದರಿಂದ ಮತ್ತೆ ಬೆಳೆಯುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಬೇರೆ ಜೆಲ್ ವಿಷಯ. ಇದು ಮೃದ್ವಸ್ಥಿ ಕಿತ್ತುಹೋದ ಗುಂಡಿಯಲ್ಲೇ ಗಟ್ಟಿಯಾಗಿ ಕೂತು, ಹೊಸ ಕೋಶಗಳಿಗೆ ಆಸರೆ ಕೊಡಬೇಕು. ಇದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಅವರೆ ಬಳ್ಳಿಯ ಚಪ್ಪರ ಅಂದುಕೊಳ್ಳಿ. ಆದರೆ ಬಳ್ಳಿ ಹಬ್ಬಿದಂತೆಲ್ಲ ಈ ಚಪ್ಪರ ಕರಗಿಹೋಗಬೇಕು.

ಮೃದ್ವಸ್ಥಿ ಹಾಳಾದರೆ ತಾನಾಗಿ ಸರಿಹೋಗಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಗಾಯವಾದರೆ ರಕ್ತ ಬರಲ್ಲ. ರಕ್ತ ಬಾರದ ಕಡೆ ರಿಪೇರಿ ಶುರುವಾಗುವುದಾದರೂ ಹೇಗೆ?

ಹಾಗಾದರೆ ರಕ್ತವನ್ನೇ ತರಿಸೋಣ ಎಂದರು ಮೂಳೆ ವೈದ್ಯರು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 'ಮೈಕ್ರೋಫ್ರಾಕ್ಚರ್' ವಿಧಾನ ರೂಪಿಸಿದರು. ಗುಂಡಿಯ ತಳದ ಮೂಳೆಗೆ ಸಣ್ಣ ಸಣ್ಣ ತೂತು ಹಾಕಿದರೆ ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನಲ್ಲಿ ಹೊಸ ಅಂಗಾಂಶ ಬೆಳೆಯುತ್ತದೆ. ಖರ್ಚೂ ಕಡಿಮೆ. ಆದರೆ ಹೆಚ್ಚಾಗಿ ಬೆಳೆಯುವುದು ಅಸಲಿ ಮೃದ್ವಸ್ಥಿ ಅಲ್ಲ, ನಾರಿನಂಥ ಅಂಗಾಂಶ. ವರ್ಷಗಳು ಕಳೆದಂತೆ ಅದು ಸವೆಯುತ್ತದೆ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೀಟರ್ಸನ್, ಮ್ಯಾಟ್ಸ್ ಬ್ರಿಟ್‌ಬರ್ಗ್ ತಂಡ ಬೇರೆ ದಾರಿ ಹಿಡಿಯಿತು. ರೋಗಿಯದೇ ಮೃದ್ವಸ್ಥಿ ಚೂರು ತೆಗೆದು, ಲ್ಯಾಬಿನಲ್ಲಿ ಕೋಶ ಬೆಳೆಸಿ, ವಾಪಸ್ ಹಾಕುವುದು. 1994ರಲ್ಲಿ 23 ರೋಗಿಗಳ ಫಲಿತಾಂಶ ಪ್ರಕಟವಾಯಿತು. ತೊಡೆಮೂಳೆಯ ತುದಿಯಲ್ಲಿ ಗಾಯವಿದ್ದ 16 ಜನರಲ್ಲಿ 14 ಮಂದಿಗೆ ಚೆನ್ನಾಗಿ ಗುಣವಾಗಿತ್ತು. ಮಂಡಿಚಿಪ್ಪಿನ ಹಿಂದೆ ಗಾಯವಿದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ. ಕೋಶಗಳಿದ್ದದ್ದು ತೆಳು ದ್ರವದಲ್ಲಿ. ಅದು ಸೋರದಂತೆ ಮೊಣಕಾಲನ್ನು ತೆರೆದು, ಮೂಳೆಯ ಮೇಲಿನ ಪೊರೆ ಕಿತ್ತು ತಂದು, ತೇಪೆ ಹಾಕಿ ಹೊಲಿಯಬೇಕಿತ್ತು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಗಂಟು ಇಲ್ಲೇ ಇದೆ. ಕೋಶಗಳನ್ನು ಬೆಳೆಸಲು ಕಲಿತಾಗಿತ್ತು. ಒದ್ದೆಯಾದ, ಜಾರುವ, ಮೈಭಾರ ಹೊರುವ ಜಾಗದಲ್ಲಿ ಅವನ್ನು ನಿಲ್ಲಿಸುವುದು ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಅಂಟಿನ ಹುಡುಕಾಟ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ 'ಬಿಎಸ್‌ಟಿ-ಕಾರ್‌ಜೆಲ್' ನನಗೆ ಇಷ್ಟವಾದ ಉದಾಹರಣೆ. ಮೂಲ ವಸ್ತು ಕೈಟೊಸಾನ್, ಸೀಗಡಿ ಏಡಿಗಳ ಚಿಪ್ಪಿನಿಂದ ತೆಗೆಯುವಂಥದ್ದು. ಮೈಕ್ರೋಫ್ರಾಕ್ಚರಿನ ನಂತರ ಆಪರೇಷನ್ ಟೇಬಲ್ ಪಕ್ಕದಲ್ಲೇ ರೋಗಿಯ ತಾಜಾ ರಕ್ತವನ್ನು ಜೆಲ್‌ಗೆ ಬೆರೆಸುತ್ತಾರೆ. ಗುಂಡಿಗೆ ಹನಿಹನಿಯಾಗಿ ಬಿಟ್ಟು, ಗಟ್ಟಿಯಾಗಲಿ ಎಂದು ಕಾಯುತ್ತಾರೆ. ಮಾಮೂಲಿ ರಕ್ತದ ಹೆಪ್ಪು ಕುಗ್ಗಿ ಅಂಚು ಬಿಡುತ್ತದೆ. ಕೈಟೊಸಾನ್ ಬೆರೆತ ಹೆಪ್ಪು ಕುಗ್ಗುವುದಿಲ್ಲ, ಕಚ್ಚಿಕೊಂಡೇ ಇರುತ್ತದೆ. ಇದನ್ನು ರೂಪಿಸಿದ ಕಂಪನಿ ಮುಳುಗುತ್ತಿದ್ದಾಗ, 2010ರಲ್ಲಿ, ಅದನ್ನು ಕೊಂಡದ್ದು ನಮ್ಮ ಭಾರತದ ಔಷಧ ಕಂಪನಿ ಪಿರಾಮಲ್. 80 ರೋಗಿಗಳ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಎಂಆರ್‌ಐನಲ್ಲಿ ಗುಂಡಿ ಹೆಚ್ಚು ತುಂಬಿತ್ತು, ಅಂಗಾಂಶದ ಗುಣಮಟ್ಟವೂ ಮೇಲಿತ್ತು. ನೋವು, ಓಡಾಟದ ವಿಚಾರದಲ್ಲಿ ಮಾತ್ರ ಬರೀ ಮೈಕ್ರೋಫ್ರಾಕ್ಚರ್ ಆದವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ರೋಗಿಗೆ ಬೇಕಿರುವುದು ಸ್ಕ್ಯಾನಿನ ಚಿತ್ರ ಅಲ್ಲ, ಅಲ್ವಾ?

ಅದೇ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೆನಿಫರ್ ಎಲಿಸೀಫ್ ತಂಡ ಇನ್ನೊಂದು ಉಪಾಯ ತೋರಿಸಿತು. ಮೊದಲು ಗುಂಡಿಯೊಳಗೆ ಅಂಟು ಬಳಿದು, ಮೇಲೆ ಜೆಲ್ ಸುರಿದು, ಬೆಳಕು ಬಿಟ್ಟು ಗಟ್ಟಿ ಮಾಡುವುದು. ಜೆಲ್ ಹಾಕಿಸಿಕೊಂಡವರು 15 ಜನ, ಹೋಲಿಕೆಗೆ ಇದ್ದವರು 3 ಜನ. ಫಲ ಚೆನ್ನಾಗಿದ್ದರೂ ಗುಂಪು ತೀರಾ ಚಿಕ್ಕದು.

2024ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ತಂಡ ಕುರಿಗಳ ಮಂಡಿಯಲ್ಲಿ ಹೊಸ ಪೇಸ್ಟ್ ಪ್ರಯೋಗಿಸಿತು. ಹಯಲುರಾನಿಕ್ ಆಸಿಡ್ ಇದರಲ್ಲೂ ಇದೆ, ಆದರೆ ಮಾರ್ಪಡಿಸಿದ್ದು. ಜೊತೆಗೆ ಮೃದ್ವಸ್ಥಿ ಬೆಳೆಸುವ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಎಳೆಗಳು. ಆರು ತಿಂಗಳೊಳಗೆ ಬೆಳೆದ ಅಂಗಾಂಶ ಅಸಲಿ ಮೃದ್ವಸ್ಥಿಗೆ ಹತ್ತಿರವಿತ್ತು. ಕುರಿಯನ್ನೇ ಆರಿಸಲು ಕಾರಣವಿದೆ: ಅದರ ಮಂಡಿ ಹೊರುವ ಭಾರ, ಗಾತ್ರ ಎರಡೂ ಮನುಷ್ಯರದಕ್ಕೆ ಸಮೀಪ.

ಇಷ್ಟೂ ಪ್ರಯೋಗ ನಡೆದಿರುವುದು ಅಲ್ಲಲ್ಲಿ ಬಿದ್ದ ಗುಂಡಿಗಳ ಮೇಲೆ. ಆಟದಲ್ಲಿ, ಬಿದ್ದು ಏಟಾದಾಗ ಆಗುವಂಥವು. ವಯಸ್ಸಾಗಿ ಎರಡೂ ಕಡೆಯ ಮೂಳೆ ಒಂದಕ್ಕೊಂದು ತಾಗುವಷ್ಟು ಸವೆದ ಮಂಡಿಯಲ್ಲಿ ಜೆಲ್ ಕಚ್ಚಿಕೊಳ್ಳಲು ಗಟ್ಟಿ ಅಂಚೇ ಇರುವುದಿಲ್ಲ. ಅಂಥವರಿಗೆ ಇಂದಿಗೂ ವೈದ್ಯರು ಹೇಳುವುದು ತೂಕ ಇಳಿಸಿ, ತೊಡೆಯ ಸ್ನಾಯು ಬಲಪಡಿಸಿ, ಆಗಲೂ ತಡೆಯಲಾಗದಿದ್ದರೆ ಮಂಡಿ ಬದಲಿ ಮಾಡಿಸಿ ಎಂದೇ.