ಪಾತ್ರ ಹಾಕಿಸಿ ನೀತಿ ಕಲಿಸುವುದು: ವಾಲಿಯಿಂದ ಬಂದರಿನವರೆಗೆ

ಬಿ.ಎಡ್. ಓದುವ ನಮಗೆಲ್ಲ ಪಾತ್ರಾಭಿನಯ, ಅಂದರೆ ರೋಲ್ ಪ್ಲೇ, ಗೊತ್ತಿರುವ ವಿಧಾನವೇ. ಪರೀಕ್ಷೆಯಲ್ಲಿ ಅದರ ಅನುಕೂಲ, ಅನಾನುಕೂಲ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ತತ್ವಶಾಸ್ತ್ರ, ನೀತಿ ಕಲಿಸುವಾಗ ಇದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು. ಮಕ್ಕಳಿಗೆ ಮಾತು ಬರೆದುಕೊಟ್ಟು ಒಪ್ಪಿಸಿದರೆ ಅದು ವಾರ್ಷಿಕೋತ್ಸವದ ನಾಟಕ ಆಗುತ್ತದೆ, ಅಷ್ಟೇ. ಎದುರಿಗಿರುವ ಪಾತ್ರ ಗಟ್ಟಿಯಾದ ಕಾರಣ ಕೊಟ್ಟು, ಅದಕ್ಕೆ ಉತ್ತರ ಹೇಳಲೇಬೇಕಾದ ಇಕ್ಕಟ್ಟಿಗೆ ವಿದ್ಯಾರ್ಥಿ ಸಿಕ್ಕಾಗ ನೀತಿಪಾಠ ಶುರುವಾಗುತ್ತದೆ.

ತಾಳಮದ್ದಳೆ ಎಂಬ ಮಾದರಿ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಕಡೆಯವರಿಗೆ ತಾಳಮದ್ದಳೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಇದು ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಕುಳಿತ ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಪದ ಮೊದಲೇ ಇದೆ, ಅರ್ಥ ಮಾತ್ರ ಅಲ್ಲೇ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ನೀತಿ ತರಗತಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನ್ನ ನಾಡಿಗೆ ನಾನೇನು ಕೇಡು ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲ್ಮೀಕಿ ರಾಮಾಯಣದಲ್ಲಿ ರಾಮ ಕೊಡುವ ಉತ್ತರದಲ್ಲಿ ಹಲವು ಎಳೆಗಳಿವೆ. ಒಂದು, ನಿನ್ನ ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಇದು ಶಿಕ್ಷೆ. ಎರಡು, ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಶಿಕ್ಷಿಸುವ ಅಧಿಕಾರ ನನಗಿದೆ. ಮೂರು, ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ. ನಾಲ್ಕು, ನೀನು ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ತಪ್ಪಲ್ಲ.

ಈಗ ವಾಲಿಯ ಪಾತ್ರ ಹಾಕಿದ ಹುಡುಗಿ ಸ್ವಲ್ಪ ಯೋಚಿಸಿದರೆ ಸಾಕು. "ನಾನು ಮೃಗ ಅಂತಾದರೆ, ಅಣ್ಣತಮ್ಮಂದಿರ ಹೆಂಡಿರ ವಿಷಯದಲ್ಲಿ ಮನುಷ್ಯರ ಧರ್ಮ ನನಗೆ ಹೇಗೆ ಅನ್ವಯಿಸುತ್ತದೆ? ಆ ಧರ್ಮ ನನಗೂ ಇದೆ ಅಂತಾದರೆ, ಬೇಟೆಯ ಮಾತು ಎಲ್ಲಿಂದ ಬಂತು?" ಒಂದನೆಯ ಕಾರಣ, ನಾಲ್ಕನೆಯ ಕಾರಣ ಎರಡೂ ಒಟ್ಟಿಗೆ ನಿಲ್ಲುತ್ತವೆಯೇ? ಬೇಟೆಯ ಬಾಗಿಲನ್ನು ವಾಲಿ ಮೊದಲೇ ಮುಚ್ಚಿಯೂ ಇರುತ್ತಾನೆ: ನನ್ನ ಮಾಂಸ ನೀವು ತಿನ್ನುವಂತಿಲ್ಲ, ಚರ್ಮ ಹೊದೆಯುವಂತಿಲ್ಲ ಅನ್ನುತ್ತಾನೆ. ರಾಮನ ಪಾತ್ರದ ಹುಡುಗ ಈಗ ಒಂದನ್ನು ಬಿಡಬೇಕು, ಇಲ್ಲವೇ ಎರಡನ್ನೂ ಜೋಡಿಸುವ ಹೊಸ ದಾರಿ ಹುಡುಕಬೇಕು. ಹೊಂದಾಣಿಕೆ ಇಲ್ಲದ ಕಾರಣಗಳನ್ನು ಗುರುತಿಸುವುದು ತರ್ಕಶಾಸ್ತ್ರದ ದೊಡ್ಡ ಪಾಠ. ಅದನ್ನು ಬೋರ್ಡ್ ಮೇಲೆ ಬರೆದು ಹೇಳಿದರೆ ಮಾರನೇ ದಿನ ನೆನಪಿರುವುದಿಲ್ಲ.

ರಾಮನನ್ನು ತುಂಬ ಇಷ್ಟಪಡುವ ವಿದ್ಯಾರ್ಥಿಗೇ ವಾಲಿಯ ಪಾತ್ರ ಕೊಡಿ. ತನ್ನ ನಂಬಿಕೆ ಬಿಡು ಅಂತ ಯಾರೂ ಅವನಿಗೆ ಹೇಳುತ್ತಿಲ್ಲ, ಇದನ್ನು ಮೊದಲೇ ಸ್ಪಷ್ಟಪಡಿಸಿ. ಎದುರು ಪಕ್ಷ ಎಷ್ಟು ಗಟ್ಟಿ ಅಂತ ಒಳಗಿನಿಂದ ನೋಡಲಿ ಅನ್ನುವುದಷ್ಟೇ ಉದ್ದೇಶ.

ವಾದ, ಜಲ್ಪ, ವಿತಂಡ

ತರ್ಕದ ಹಳೆಯ ಸಂಸ್ಕೃತ ಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲುವುದಕ್ಕಾಗಿ ಮಾತಿನ ತಿರುಚಾಟವನ್ನೂ ಬಳಸುವುದು ಜಲ್ಪ. ತನ್ನದೊಂದು ನಿಲುವೇ ಇಲ್ಲದೆ ಎದುರಿನವರದ್ದನ್ನು ಕೆಡವುತ್ತಾ ಹೋಗುವುದು ವಿತಂಡ. ಪಾತ್ರಾಭಿನಯ ಕೈಕೊಡುವ ಜಾಗ ಇಲ್ಲೇ ಇದೆ. ಮಾತುಗಾರ ಹುಡುಗ ಚಪ್ಪಾಳೆ ಗಿಟ್ಟಿಸುತ್ತಾನೆ, ಕಾರಣ ಕಳೆದುಹೋಗುತ್ತದೆ.

ಇದನ್ನು ತಡೆಯಲು ಒಂದು ನಿಯಮ ಸಾಕು. ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ತನ್ನ ಮಾತಿನಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಇದೇ" ಅಂತ ಒಪ್ಪಬೇಕು. ನಮ್ಮ ಶಾಸ್ತ್ರಗ್ರಂಥಗಳು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಮೊದಲು ಇಟ್ಟು ಆಮೇಲೆ ಸಿದ್ಧಾಂತಕ್ಕೆ, ಅಂದರೆ ತಮ್ಮ ನಿಲುವಿಗೆ, ಬರುವುದೂ ಹೀಗೇ ಅಲ್ವಾ? ಚರ್ಚೆ ನಿಧಾನ ಆಗುತ್ತದೆ. ಆಗಲಿ.

ಬಂದರಿನ ಪಾಠ

ಪುರಾಣ ಬೇಡ ಅನ್ನುವವರಿಗೆ ಕಾರವಾರದ ಬೈತಖೋಲ ಬಂದರು ಇದೆ. ವಿಷಯ ಲೈಟ್ ಫಿಶಿಂಗ್. ರಾತ್ರಿ ಸಮುದ್ರದಲ್ಲಿ ಜೋರು ಎಲ್‌ಇಡಿ ದೀಪ ಹಾಕಿದರೆ ಮೀನು ಬೆಳಕಿಗೆ ಬಂದು ಗುಂಪುಗೂಡುತ್ತದೆ, ಬಲೆ ಸುತ್ತು ಹಾಕಿ ಎತ್ತುತ್ತಾರೆ. ಬೆಳೆದ ಬಂಗಡೆ ಜೊತೆ ಮರಿಗಳೂ ಬರುತ್ತವೆ. 2017ರಲ್ಲಿ ಕೇಂದ್ರ ಸರಕಾರ ಇದನ್ನು ನಿಷೇಧಿಸಿತು. ಕಾನೂನು ಏನು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಕಾನೂನು ಯಾಕೆ ಸರಿ, ಅಥವಾ ಯಾಕೆ ಸಾಲದು ಅನ್ನುವುದು ಅವರ ಪ್ರಶ್ನೆ.

ಪಾತ್ರಗಳು: ಸಾಲ ಮಾಡಿ ಬೋಟ್ ತೆಗೆದ ಯುವಕ, ನಾಡದೋಣಿಯ ಹಿರಿಯ, ಬುಟ್ಟಿಯಲ್ಲಿ ಮೀನು ಮಾರುವ ಹೆಂಗಸು, ಬೋಟಿನಲ್ಲಿ ಕೂಲಿಗೆ ಬಂದ ಹೊರ ರಾಜ್ಯದವನು, ಮೀನುಗಾರಿಕೆ ಇಲಾಖೆಯ ಅಧಿಕಾರಿ. ಒಂದೊಂದು ಪಾತ್ರಕ್ಕೆ ಒಂದೊಂದು ಚೀಟಿ ಮಾಡಿ, ಅದರಲ್ಲಿ ಸಾಲ, ಮನೆಮಂದಿ, ಭಯ ಇಷ್ಟು ಬರೆದಿರಲಿ. ಏನು ಮಾತಾಡಬೇಕು ಅಂತ ಬರೆಯಬೇಡಿ.

"ಅಣ್ಣಾ, ಎಲ್ಲರೂ ಲೈಟ್ ಹಾಕುತ್ತಾರೆ. ನಾನೊಬ್ಬ ಹಾಕದಿದ್ದರೆ ಸಮುದ್ರ ಉಳಿಯುತ್ತದಾ? ಬ್ಯಾಂಕಿನವರು ಬಿಡುತ್ತಾರಾ?" ಅಂತ ಯುವಕ ಕೇಳುತ್ತಾನೆ ಅಂದುಕೊಳ್ಳಿ. "ಎಲ್ಲರೂ ನಿನ್ನ ಹಾಗೇ ಅಂದುಕೊಂಡರೆ ಮುಂದಿನ ವರ್ಷ ನಿನ್ನ ಬಲೆಗೇ ಏನು ಬೀಳುತ್ತದೆ ತಮ್ಮಾ?" ಅಂತ ಹಿರಿಯ ಹೇಳಬಹುದು. ನಾನು ನಡೆಯುವ ನಿಯಮದಂತೆ ಎಲ್ಲರೂ ನಡೆಯಲಿ ಅಂತ ನಾನು ಬಯಸಬಲ್ಲೆನೇ ಎಂಬ ಇಮ್ಯಾನುಯೆಲ್ ಕಾಂಟ್‌ನ 1785ರ ಪರೀಕ್ಷೆಯ ಬಾಗಿಲಿಗೆ ಮಕ್ಕಳು ತಾವೇ ಬಂದಿದ್ದಾರೆ. ಹೆಚ್ಚು ಮೀನು, ಹೆಚ್ಚು ಜನರಿಗೆ ಕೂಲಿ ಅಂತ ಯಾರಾದರೂ ಲೆಕ್ಕ ಹಾಕಿದರೆ ಅದು ಹೆಚ್ಚು ಜನರಿಗೆ ಹೆಚ್ಚು ಒಳಿತಾಗುವುದೇ ಸರಿ ಅನ್ನುವ ಬೆಂಥಾಮ್, ಮಿಲ್ ಅವರ ದಾರಿ. ಹೆಸರುಗಳನ್ನು ಆಟ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಮಕ್ಕಳು ಸುಮ್ನೆ ಸಿದ್ಧಾಂತ ಒಪ್ಪಿಸುತ್ತಾರೆ.

ನನಗೆ ಜಾಸ್ತಿ ಇಷ್ಟವಾದದ್ದು ಎರಡನೇ ಸುತ್ತು. ಚೀಟಿ ಎಲ್ಲ ವಾಪಸ್ ತೆಗೆದುಕೊಳ್ಳಿ. ಈಗ ಎಲ್ಲರೂ ಸೇರಿ ಬಂದರಿಗೆ ನಿಯಮ ಬರೆಯಬೇಕು. ಬರೆದ ಮೇಲೆ ಚೀಟಿ ಮತ್ತೆ ಎತ್ತುವುದು, ಯಾರಿಗೆ ಯಾರ ಬದುಕು ಬರುತ್ತದೋ ಗೊತ್ತಿಲ್ಲ. 1971ರಲ್ಲಿ ಜಾನ್ ರಾಲ್ಸ್ ಮುಂದಿಟ್ಟ ಅಜ್ಞಾನದ ಪರದೆ ಇದೇ. ನಾನು ಯಾರಾಗುತ್ತೇನೆ ಅಂತ ಗೊತ್ತಿಲ್ಲದಾಗ, ಎಲ್ಲಕ್ಕಿಂತ ಕಷ್ಟದಲ್ಲಿರುವವನ ಸ್ಥಿತಿ ನೋಡಿಯೇ ನಿಯಮ ಮಾಡುತ್ತೇನೆ ಅನ್ನುವುದು ಅವನ ವಾದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆಗ ಬೋಟಿನ ಕೂಲಿಯವನು ಏನು ತಿನ್ನಬೇಕು ಎಂಬ ಪ್ರಶ್ನೆ ಮೊದಲ ಸುತ್ತಿನಲ್ಲಿ ಬರದೇ ಇರಬಹುದು, ಈ ಸುತ್ತಿನಲ್ಲಿ ಬಂದೇ ಬರುತ್ತದೆ. ಹುಟ್ಟದೇ ಇರುವ ಮುಂದಿನ ಪೀಳಿಗೆಗೂ ಒಂದು ಚೀಟಿ ಇಡಿ. ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಯಾರಿಗೆ ಯಾವ ಪಾತ್ರ

ಮಗುವಿನ ಮನೆಯ ನೋವನ್ನೇ ಅದಕ್ಕೆ ಪಾತ್ರವಾಗಿ ಕೊಡಬಾರದು. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಮನೆಗಳ ಮಕ್ಕಳು ಕಾರವಾರ, ಅಂಕೋಲಾ ಕಡೆ ನಮ್ಮ ತರಗತಿಗಳಲ್ಲಿ ಇರಬಹುದು. ನಿರಾಶ್ರಿತರ ಚೀಟಿ ಅವರ ಕೈಗೆ ಹೋದರೆ ಅದು ಆಟವಾಗಿ ಉಳಿಯುವುದಿಲ್ಲ. ಬಂದರಿನ ಪಾಠಕ್ಕೂ ಇದೇ ಎಚ್ಚರ ಬೇಕು. ಮೀನುಗಾರರ ಮನೆಯ ಹುಡುಗನಿಗೆ ಅಧಿಕಾರಿಯ ಚೀಟಿ ಕೊಡಬಹುದು, ಅವನಿಗೆ ಇಷ್ಟವಿದ್ದರೆ. ಘಟ್ಟದ ಮೇಲಿನವರಿಗೆ 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಬಳಿ ಶುರುವಾದ, ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದ ಅಪ್ಪಿಕೋ ಚಳವಳಿ ಒಳ್ಳೆಯ ವಿಷಯ. ಮರ ಕಡಿಯಲು ಬಂದ ಕೂಲಿಯವನ ಪಾತ್ರ ಮರೆಯಬೇಡಿ.

ಆಟ ಮುಗಿದ ಮೇಲೆ ಪಾತ್ರದಿಂದ ಹೊರಗೆ ಬರಲು ಸಮಯ ಕೊಡಿ. ಚೀಟಿ ಮೇಜಿನ ಮೇಲಿಟ್ಟು, ಸ್ವಂತ ಹೆಸರು ಹೇಳಿ, "ಈ ಪಾತ್ರದ ಯಾವ ಮಾತನ್ನು ನಾನು ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ" ಅಂತ ಪ್ರತಿಯೊಬ್ಬರೂ ಹೇಳಲಿ. ಬೆಲ್ ಆಯಿತು ಅಂತ ಇದನ್ನು ಬಿಟ್ಟರೆ ಜಗಳ ಕಾರಿಡಾರಿಗೆ ಹೋಗುತ್ತದೆ.

ಅಂಕ ಕೊಡುವಾಗ

ನೈತಿಕ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಅಂದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್ಬರ್ಗ್ ಮಕ್ಕಳ ಉತ್ತರಕ್ಕಿಂತ ಅದರ ಹಿಂದಿನ ಕಾರಣ ನೋಡಿದ. ಅದನ್ನು ನಾವೂ ಇಟ್ಟುಕೊಳ್ಳೋಣ. ಆದರೆ ಅವನ ಮೊದಲ ಅಧ್ಯಯನ ಗಂಡುಹುಡುಗರ ಮೇಲೆ ಮಾತ್ರ ನಡೆದಿತ್ತು. ಹಕ್ಕು, ನ್ಯಾಯದ ಭಾಷೆಗೇ ಅವನು ಮೇಲಿನ ಹಂತ ಕೊಟ್ಟ, ಸಂಬಂಧ, ಕಾಳಜಿಯ ಭಾಷೆ ಕೆಳಗೆ ಬಿತ್ತು ಅಂತ 1982ರಲ್ಲಿ ಕ್ಯಾರಲ್ ಗಿಲಿಗನ್ ವಾದಿಸಿದರು. ಆದ್ದರಿಂದ ಮೀನು ಮಾರುವ ಅಕ್ಕನ ಪಾತ್ರದ ಹುಡುಗಿ "ದಂಡ ಹಾಕಿ, ಆದರೆ ಅವನ ಬೋಟ್ ಜಪ್ತಿ ಮಾಡಬೇಡಿ, ಅವನ ಮನೆಯಲ್ಲಿ ಮಕ್ಕಳಿದ್ದಾರೆ" ಅಂದರೆ ಅದನ್ನು ಬರೀ ಭಾವನೆ ಅಂತ ಬದಿಗಿಡಬೇಡಿ. ಅದೂ ಒಂದು ಕಾರಣವೇ. ಅದಕ್ಕೆ ಅಧಿಕಾರಿಯ ಪಾತ್ರ ಏನು ಉತ್ತರ ಕೊಟ್ಟಿತು ಅಂತ ನೋಡಿ, ಇಬ್ಬರಿಗೂ ಅಂಕ ಕೊಡಿ.